‘ಡ್ರೈ’ ಎಂದರೆ ಬರೀ ಒಣ ಅಲ್ಲ: ಈ ಒಂದು ಪದಕ್ಕೆ ಕನ್ನಡದಲ್ಲಿ ಎಷ್ಟು ಪದ ಬೇಕು?

ಅನುವಾದದ ಮೇಜು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ವಾಕ್ಯದ ಮುಂದೆ ಕುಳಿತಿದ್ದೇನೆ. ಇಂಗ್ಲಿಷ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉತ್ತರ ಇಂಗ್ಲೆಂಡಿನ ಗುಡ್ಡದ ಮೇಲೊಂದು ಹಳೆಯ ಮನೆ. ಮೂರು ವಾರದಿಂದ ಮಳೆ ಬಿಟ್ಟಿಲ್ಲ. ಮಾಡು ಸೋರಿ ನಡುಮನೆಯ ತುಂಬ ಬಕೆಟ್ಟುಗಳನ್ನು ಇಟ್ಟಿದ್ದಾರೆ. ಹೆಂಡತಿ ಕಂಗಾಲಾಗಿದ್ದಾಳೆ. ಗಂಡ ಆ ಬಕೆಟ್ಟುಗಳ ಕಡೆ ನೋಡಿ, ನಮಗೆ ನೀರಿನ ಕೊರತೆಯಂತೂ ಇಲ್ಲ ಎನ್ನುತ್ತಾನೆ. ಹೇಗೆ ಎನ್ನುತ್ತಾನೆ ಎಂಬುದಕ್ಕೆ ಮೂಲದಲ್ಲಿರುವುದು ಒಂದೇ ಪದ: ‘ಡ್ರೈಲಿ’.

ಮೊದಲು ‘ಶುಷ್ಕವಾಗಿ ಹೇಳಿದ’ ಎಂದು ಬರೆದೆ. ಮರುದಿನ ಓದಿದರೆ ಆ ಗಂಡ ಕಲ್ಲೆದೆಯವನಂತೆ ಕಾಣಿಸಿದ. ಮೂಲದಲ್ಲಿ ಅವನು ಹಾಗಿಲ್ಲ. ಆ ಮಾತಿನಿಂದ ಅವನು ಹೆಂಡತಿಗೆ ಧೈರ್ಯ ಕೊಡುತ್ತಿದ್ದಾನೆ, ಆದರೆ ಮುಖದಲ್ಲಿ ತೋರಿಸಿಕೊಳ್ಳುತ್ತಿಲ್ಲ. ‘ಒಣ ದನಿಯಲ್ಲಿ’ ಎಂದರೆ ಕಾಯಿಲೆಯವನಾದ. ‘ನೀರಸವಾಗಿ’ ಎಂದರೆ ಕಥೆಯೇ ಸತ್ತಿತು. ನಿಘಂಟಿನಲ್ಲಿ ‘ಡ್ರೈ’ ಎಂಬ ಪದದ ಎದುರು ಇರುವ ಅರ್ಥಗಳಲ್ಲಿ ಒಂದೂ ಈ ಮನುಷ್ಯನಿಗೆ ಹೊಂದುತ್ತಿಲ್ಲ. ಇಷ್ಟು ಚಿಕ್ಕ ಪದದ ಒಳಗೆ ಇಷ್ಟೆಲ್ಲ ಏನಿದೆ? ಬಲ್ಲವರು ದಯವಿಟ್ಟು ಹೇಳಿ.

ಹಳೆಯ ಕರಡು

ಮೇಡಂ, ನಾನು ಇಪ್ಪತ್ತೆಂಟು ವರ್ಷ ಪತ್ರಿಕೆಯ ಕರಡು ತಿದ್ದಿದವನು. ಈ ಪದ ನನ್ನ ಮೇಜಿಗೆ ಬಂದಾಗಲೆಲ್ಲ ತೊಂದರೆ ಕೊಟ್ಟಿದೆ. ‘ಡ್ರೈ ಸ್ಟೇಟ್’ ಎಂಬುದನ್ನು ಒಬ್ಬ ಹುಡುಗ ‘ಒಣ ರಾಜ್ಯ’ ಎಂದು ಅನುವಾದಿಸಿದ್ದ. ಓದಿದವರು ಅಲ್ಲಿ ಬರಗಾಲ ಎಂದುಕೊಳ್ಳುತ್ತಾರೆ. ವಿಷಯ ಮದ್ಯ ನಿಷೇಧದ್ದು. ಗುಜರಾತಿನಲ್ಲಿ ಅದು 1960ರಿಂದಲೂ ಇದೆ, ಬಿಹಾರದಲ್ಲಿ 2016ರಿಂದ. ‘ಪಾನನಿಷೇಧ ಜಾರಿಯಲ್ಲಿರುವ ರಾಜ್ಯ’ ಎಂದು ತಿದ್ದಿದೆ. ಉದ್ದವಾಯಿತು, ಆದರೆ ಅರ್ಥವಾಯಿತು.

‘ಡ್ರೈ ಗೂಡ್ಸ್’ ಎಂಬುದು ಇನ್ನೊಂದು. ಅಮೆರಿಕದ ಹಳೆಯ ಅಂಗಡಿಗಳ ಫಲಕದಲ್ಲಿ ಈ ಮಾತು ಇರುತ್ತಿತ್ತು. ಅಲ್ಲಿ ಮಾರುತ್ತಿದ್ದುದು ಬಟ್ಟೆ, ನೂಲು, ಗುಂಡಿ. ಅದನ್ನು ‘ಒಣ ಪದಾರ್ಥ’ ಎಂದು ಬರೆದರೆ ನಮ್ಮವರ ಕಣ್ಣ ಮುಂದೆ ಬರುವುದು ಒಣಮೆಣಸಿನಕಾಯಿ, ಒಣದ್ರಾಕ್ಷಿ. ‘ಜವಳಿ ಅಂಗಡಿ’ ಎಂದರೆ ಸಾಕಿತ್ತು.

ಈಚೆಗೆ ವಾಣಿಜ್ಯ ಪುಟದಲ್ಲಿ ‘ಡ್ರೈ ಪೌಡರ್’ ಬರುತ್ತದೆ. ಹೂಡಿಕೆ ಸಂಸ್ಥೆಗಳು ಸಮಯ ನೋಡಿ ಬಳಸಲು ಕೈಯಲ್ಲಿ ಇಟ್ಟುಕೊಂಡ ಹಣ ಅದು. ಮೂಲ ಯುದ್ಧಭೂಮಿಯದು: ಮದ್ದಿನ ಪುಡಿ ನೆನೆದರೆ ಬಂದೂಕು ಹಾರುವುದಿಲ್ಲ, ಆದ್ದರಿಂದ ಅದನ್ನು ಒಣಗಿರುವಂತೆ ಕಾಪಾಡಿಕೊಳ್ಳಬೇಕು. ಹದಿನೇಳನೇ ಶತಮಾನದ ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್ ತನ್ನ ಸೈನಿಕರಿಗೆ ಹಾಗೆ ಹೇಳಿದ ಎಂಬ ಪ್ರತೀತಿ ಇದೆ, ಆದರೆ ಆ ಮಾತು ಹೆಸರಾದದ್ದು ಅವನು ಸತ್ತು ಎಷ್ಟೋ ಕಾಲದ ಮೇಲೆ, 1834ರ ಒಂದು ಐರಿಷ್ ಪದ್ಯದಿಂದ. ಇದನ್ನು ‘ಒಣ ಪುಡಿ’ ಎಂದು ಅಚ್ಚು ಹಾಕಿದರೆ ಓದುಗ ಏನು ತಿಳಿಯಬೇಕು? ‘ಕಾಯ್ದಿರಿಸಿದ ಬಂಡವಾಳ’ ಎನ್ನಿ.

ನಿಮ್ಮ ಗಂಡನ ವಿಷಯಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ‘ಶುಷ್ಕ’ ಬೇಡವೇ ಬೇಡ.

ರಾತ್ರಿ ಪಾಳಿ

ನಾನು ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ನಮ್ಮಲ್ಲಿ ‘ಡ್ರೈ ವೇಟ್’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತೇವೆ. ಮೂತ್ರಪಿಂಡ ಕೆಲಸ ಮಾಡದವರ ದೇಹದಲ್ಲಿ ನೀರು ನಿಲ್ಲುತ್ತದೆ. ಆ ಹೆಚ್ಚುವರಿ ನೀರನ್ನೆಲ್ಲ ತೆಗೆದ ಮೇಲೆ ಅವರ ತೂಕ ಎಷ್ಟಿರಬೇಕೋ ಅದೇ ಡ್ರೈ ವೇಟ್. ಪ್ರತಿ ಸಲ ಯಂತ್ರಕ್ಕೆ ಜೋಡಿಸುವ ಮೊದಲು ತೂಗಿ, ಅದಕ್ಕಿಂತ ಎಷ್ಟು ಹೆಚ್ಚಿದೆ ಎಂದು ಲೆಕ್ಕ ಹಾಕುತ್ತೇವೆ.

ಒಬ್ಬ ಅಜ್ಜಿ ಬರುತ್ತಿದ್ದರು. ಕನ್ನಡದಲ್ಲಿ ವಿವರಿಸುವಾಗ ನಾನು ‘ಒಣ ತೂಕ’ ಎಂದೆ. ಅವರ ಮುಖ ಬಾಡಿತು. “ಅಂದರೆ ನಾನು ಒಣಗಿಹೋಗಬೇಕೇನಮ್ಮ?” ಎಂದು ಕೇಳಿದರು. ಆ ಪ್ರಶ್ನೆ ಇವತ್ತಿಗೂ ಮರೆತಿಲ್ಲ. ಅಂದಿನಿಂದ ‘ನೀರಿಳಿದ ಮೇಲಿನ ತೂಕ’ ಎನ್ನುತ್ತೇನೆ. ಎಲ್ಲರಿಗೂ ತಿಳಿಯುತ್ತದೆ, ಯಾರಿಗೂ ಹೆದರಿಕೆಯಾಗುವುದಿಲ್ಲ.

ಒಣ ಕೆಮ್ಮು ಎಂಬ ಮಾತು ಮಾತ್ರ ಎರಡೂ ಭಾಷೆಯಲ್ಲಿ ಒಂದೇ. ಕಫ ಬಾರದ ಕೆಮ್ಮು, ಅಷ್ಟೇ.

ಹಾವೇರಿ ಮೇಷ್ಟ್ರು

ನರ್ಸ್ ಅಕ್ಕನವರು ಕೊನೆಯಲ್ಲಿ ಹೇಳಿದ ಮಾತೇ ಈ ಪದದ ಕೀಲಿಕೈ ಎಂದು ನನಗೆ ತೋರುತ್ತದೆ. ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ಡ್ರೈ’ ಎಂದರೆ ಒಣ ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಬದಲಿಗೆ ಒಂದು ಪ್ರಶ್ನೆ ಕಲಿಸುತ್ತೇನೆ: ಇಲ್ಲಿ ಇರಬೇಕಾಗಿದ್ದು ಏನು ಇಲ್ಲ?

‘ಡ್ರೈ ಟೋಸ್ಟ್’ ಎಂದರೆ ಬೆಣ್ಣೆ ಇಲ್ಲ. ‘ಡ್ರೈ ವೈನ್’ ನೀರಿನಷ್ಟೇ ದ್ರವ, ಅದರಲ್ಲಿ ಇಲ್ಲದ್ದು ಸಿಹಿ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದೆ ಎಂದು ಅರ್ಥ. ‘ಡ್ರೈ ಕ್ಲೀನಿಂಗ್’ ಮಾಡುವಲ್ಲಿ ಬಟ್ಟೆಯನ್ನು ದ್ರಾವಣದಲ್ಲಿ ಪೂರ್ತಿ ಅದ್ದುತ್ತಾರೆ, ಇಲ್ಲದ್ದು ನೀರು ಮಾತ್ರ. ‘ಡ್ರೈ ಐಸ್’ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿಯಲ್ಲಿ ಕರಗದೆ ನೇರವಾಗಿ ಅನಿಲವಾಗುತ್ತದೆ, ಮೇಜು ಒದ್ದೆಯಾಗುವುದಿಲ್ಲ. ‘ಡ್ರೈ ಸೆಲ್’ ಕೂಡ ಹಾಗೆಯೇ. 1866ರಲ್ಲಿ ಲೆಕ್ಲಾಂಶೆ ಮಾಡಿದ ಕೋಶದಲ್ಲಿ ದ್ರವ ತುಳುಕುತ್ತಿತ್ತು. 1886ರಲ್ಲಿ ಗಾಸ್ನರ್ ಅದನ್ನು ಗಂಜಿಯಂತೆ ಗಟ್ಟಿ ಮಾಡಿದ. ಒಳಗೆ ಇನ್ನೂ ತೇವವಿದೆ, ಚೆಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ. ಹಿಂದಿನ ಕಾಲದ ಶ್ರೀಮಂತರ ಮನೆಗಳಲ್ಲಿ ‘ಡ್ರೈ ನರ್ಸ್’ ಎಂದರೆ ಮಗುವನ್ನು ನೋಡಿಕೊಳ್ಳುವ, ಆದರೆ ಎದೆಹಾಲು ಕೊಡದ ದಾದಿ. ವಿಮಾನ ಕಂಪನಿಗಳು ‘ಡ್ರೈ ಲೀಸ್’ ಎಂದರೆ ವಿಮಾನ ಮಾತ್ರ ಬಾಡಿಗೆಗೆ, ಪೈಲಟ್ ಮತ್ತು ಸಿಬ್ಬಂದಿ ಇಲ್ಲ.

ಮಕ್ಕಳಿಗೆ ಇದನ್ನು ಹೇಗೆ ಹೇಳುತ್ತೇನೆ ಗೊತ್ತೇ? ನಮ್ಮ ಬೇಕರಿಯ ಡ್ರೈ ಜಾಮೂನಿನಿಂದ. ಅದು ಒಣಗಿದ ಜಾಮೂನೇ? ಅಲ್ಲ, ಒಳಗೆ ಮೆತ್ತಗೇ ಇರುತ್ತದೆ, ಸುತ್ತ ಪಾಕ ಇಲ್ಲ. ‘ಗೋಬಿ ಡ್ರೈ’ ಎಂದರೆ ಗೊಜ್ಜಿಲ್ಲದ್ದು. ಅಲ್ಲಿಂದ ಶುರು ಮಾಡಿದರೆ ಮಕ್ಕಳು ಮಿಕ್ಕದ್ದನ್ನು ತಾವೇ ಬಿಡಿಸುತ್ತಾರೆ.

ಹಾಗಾದರೆ ಮೇಡಂ, ನಿಮ್ಮ ಕಥೆಯ ಗಂಡನ ಮಾತಿನಲ್ಲಿ ಏನು ಇಲ್ಲ? ನಗು ಇದೆ, ನಗುವಿನ ಗುರುತು ಇಲ್ಲ. ತುಟಿ ಅರಳಿಲ್ಲ, ದನಿ ಏರಿಲ್ಲ.

ಅನುವಾದದ ಮೇಜು

ಮೇಷ್ಟ್ರೇ, ನಿಮ್ಮ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮೇಜಿನ ಎದುರು ಅಂಟಿಸಿದ್ದೇನೆ. ಆದರೆ ಒಂದು ತೊಡಕು ಉಳಿಯುತ್ತದೆ. ಆ ‘ಇಲ್ಲ’ ಇಂಗ್ಲಿಷಿನಲ್ಲಿ ಹೊಗಳಿಕೆಯಾಗುತ್ತದೆ. ಡ್ರೈ ಹಾಸ್ಯ ಎಂದರೆ ಅವರಿಗೆ ಹೆಮ್ಮೆ. ಕನ್ನಡದಲ್ಲಿ ‘ಒಣ’ ಬಂದರೆ ಬೈಗುಳವೇ: ಒಣ ಜಂಭ, ಒಣ ಹರಟೆ, ಒಣ ವೇದಾಂತ, ಒಣ ಪ್ರತಿಷ್ಠೆ, ಒಣ ಉಪದೇಶ. ಹುರುಳಿಲ್ಲದ್ದು ಎಂದೇ ಅರ್ಥ. ‘ಒಣ ಹಾಸ್ಯ’ ಎಂದರೆ ಯಾರೂ ನಗದ ಹಾಸ್ಯ.

ನಿರುಕ್ತ

ಇದಕ್ಕೆ ಕಾರಣ ಪದಗಳ ಬೇರಿನಲ್ಲೇ ಇದೆ, ಮತ್ತು ಇದು ನನಗೆ ಬಹಳ ಪ್ರಿಯವಾದ ವಿಷಯ. ಇಂಗ್ಲಿಷಿನ ‘ಹ್ಯೂಮರ್’ ಲ್ಯಾಟಿನ್ನಿನಿಂದ ಬಂದದ್ದು, ಅಲ್ಲಿ ಅದರ ಅರ್ಥ ತೇವ, ದ್ರವ. ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಕಾಲದಿಂದ ಯೂರೋಪಿನ ವೈದ್ಯರು ದೇಹದಲ್ಲಿ ನಾಲ್ಕು ದ್ರವಗಳಿವೆ, ಅವುಗಳ ಏರುಪೇರೇ ಮನುಷ್ಯನ ಸ್ವಭಾವ ಎಂದು ನಂಬಿದ್ದರು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಕೋಪಿಷ್ಠನ ಪ್ರಕೃತಿ ಬಿಸಿ ಮತ್ತು ಒಣ, ಚಿಂತೆಯವನದು ತಣ್ಣಗೆ ಮತ್ತು ಒಣ. ದ್ರವದಿಂದ ಸ್ವಭಾವ, ಸ್ವಭಾವದಿಂದ ವಿಚಿತ್ರ ವರ್ತನೆ, ಅದರಿಂದ ನಗು. ಹೀಗೆ ಆ ಪದ ಹಾಸ್ಯಕ್ಕೆ ಬಂದು ನಿಂತಿತು. ‘ಡ್ರೈ ಹ್ಯೂಮರ್’ ಎಂಬುದನ್ನು ಬೇರಿಗೆ ಹೋಗಿ ಓದಿದರೆ ‘ಒಣಗಿದ ದ್ರವ’ ಎಂದಾಗುತ್ತದೆ.

ಈಗ ನಮ್ಮ ಕಡೆ ನೋಡಿ. ನಮ್ಮಲ್ಲೂ ಹಾಸ್ಯ ಒಂದು ರಸ. ರಸವೆಂದರೆ ದ್ರವವೇ, ಹಣ್ಣಿನ ರಸ, ಕಬ್ಬಿನ ರಸ. ಎರಡೂ ಕಡೆಯವರು ನಗುವನ್ನು ಒಂದು ಬಗೆಯ ದ್ರವವೆಂದೇ ಕಂಡರು. ಆದರೆ ಇಂಗ್ಲಿಷರಿಗೆ ತಮ್ಮ ಪದದ ಹಳೆಯ ಅರ್ಥ ಮರೆತುಹೋಯಿತು, ಆದ್ದರಿಂದ ಹಾಸ್ಯವನ್ನು ಒಣಗಿಸಲು ಅವರಿಗೆ ಅಡ್ಡಿ ಬರಲಿಲ್ಲ. ನಮಗೆ ಮರೆತಿಲ್ಲ. ರಸ ಹೋದರೆ ನೀರಸ, ಅಲ್ಲಿಗೆ ಮುಗಿಯಿತು. ನೀವು ‘ನೀರಸವಾಗಿ’ ಎಂದು ಬರೆದಾಗ ಕಥೆ ಸತ್ತದ್ದು ಅದಕ್ಕೇ.

ಇನ್ನೊಂದು ವಿಷಯವನ್ನು ಹೇಳದಿರಲಾರೆ. ಸಂಸ್ಕೃತದ ಶುಷ್ಕ ಮತ್ತು ಪಾರ್ಸಿಯ ಖುಷ್ಕ್ ಒಂದೇ ಬೇರಿನವು. ನಮ್ಮ ಪಹಣಿಯಲ್ಲಿರುವ ‘ಖುಷ್ಕಿ’, ಅಂದರೆ ಮಳೆಯನ್ನೇ ನಂಬಿದ ಜಮೀನು, ಆ ಪಾರ್ಸಿ ಪದದಿಂದ ಬಂದದ್ದು. ಅಂದರೆ ‘ಶುಷ್ಕ ಖುಷ್ಕಿ ಜಮೀನು’ ಎಂದರೆ ಒಂದೇ ಪದವನ್ನು ಎರಡು ದಾರಿಯಲ್ಲಿ ಕರೆತಂದು ಒಟ್ಟಿಗೆ ಕೂರಿಸಿದಂತೆ. ‘ಡ್ರೈ’ ಈ ಮನೆತನಕ್ಕೆ ಸೇರಿದ್ದಲ್ಲ. ಅದರ ನಂಟರು ಜರ್ಮನ್ನಿನ ‘ಟ್ರೋಕನ್’, ಡಚ್ಚಿನ ‘ಡ್ರೋಖ್’, ಮತ್ತು ಇಂಗ್ಲಿಷಿನವೇ ಆದ ‘ಡ್ರೌಟ್’, ‘ಡ್ರೇನ್’.

ಡೇಲ್ಸ್ ಕನ್ನಡತಿ

ನಿಮ್ಮ ಕಥೆಯ ಮನೆ ಇರುವ ಪ್ರದೇಶದಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ, ಯಾರ್ಕ್‌ಷೈರಿನಲ್ಲಿ. ಇಲ್ಲಿ ಮಳೆ ಎಂದರೆ ನಮ್ಮ ಮಲೆನಾಡಿನ ಜಡಿಮಳೆಯಲ್ಲ, ವರ್ಷವಿಡೀ ಜಿನುಗುವ ಹನಿ. ಬಟ್ಟೆ ಒಣಗುವುದಿಲ್ಲ, ಗೋಡೆ ಒಣಗುವುದಿಲ್ಲ, ಬೂಟು ಒಣಗುವುದಿಲ್ಲ. ಇಂಥ ಜನರಿಗೆ ಒಣಗಿರುವುದೇ ಸುಖ. ಅಪಾಯ ಕಳೆದು ಕೆಲಸ ಗೆದ್ದವನನ್ನು ಇಲ್ಲಿ ‘ಹೋಮ್ ಅಂಡ್ ಡ್ರೈ’ ಎನ್ನುತ್ತಾರೆ, ಮನೆ ಸೇರಿದ, ನೆನೆಯಲಿಲ್ಲ ಎಂದು. ನಾವು ‘ದಡ ಸೇರಿದ’ ಎನ್ನುತ್ತೇವಲ್ಲ, ಹಾಗೆ. ಮಳೆಗಾಗಿ ಕಾಯುವ ನಾಡಿನಲ್ಲಿ ‘ಒಣ’ ಬೈಗುಳವಾದದ್ದೂ, ಇಲ್ಲಿ ಹೊಗಳಿಕೆಯಾದದ್ದೂ ಆಕಾಶ ನೋಡಿದರೆ ಅರ್ಥವಾಗುತ್ತದೆ.

ಇಲ್ಲಿನ ಗುಡ್ಡಗಳ ತುಂಬ ‘ಡ್ರೈ ಸ್ಟೋನ್’ ಗೋಡೆಗಳಿವೆ. ಗಾರೆ, ಸಿಮೆಂಟು ಏನೂ ಇಲ್ಲ, ಕಲ್ಲಿನ ಮೇಲೆ ಕಲ್ಲು. ಎರಡು ಮುಖ ಕಟ್ಟಿ ನಡುವೆ ಚೂರುಕಲ್ಲು ತುಂಬುತ್ತಾರೆ, ಅಲ್ಲಲ್ಲಿ ಉದ್ದನೆಯ ಕಲ್ಲೊಂದನ್ನು ಅಡ್ಡಲಾಗಿ ಹಾಯಿಸಿ ಎರಡೂ ಮುಖಗಳನ್ನು ಬಿಗಿಯುತ್ತಾರೆ. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದವು ಇನ್ನೂ ನಿಂತಿವೆ. ಮಳೆನೀರು ಸಂದಿಯಲ್ಲಿ ಇಳಿದು ಹೋಗುತ್ತದೆ, ಹಿಮ ಕಟ್ಟಿದರೂ ಗೋಡೆ ಬಿರಿಯುವುದಿಲ್ಲ. ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಹಂಪಿ. ಅಲ್ಲಿಯ ದೊಡ್ಡ ಕೋಟೆಗೋಡೆಗಳೂ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದವು. ಅನುವಾದಿಸುವವರು ಇದನ್ನು ‘ಒಣಕಲ್ಲಿನ ಗೋಡೆ’ ಎನ್ನಬೇಡಿ, ‘ಗಾರೆಯಿಲ್ಲದ ಕಲ್ಲುಗೋಡೆ’ ಎನ್ನಿ.

ಹೊಸವರ್ಷದಲ್ಲಿ ಇಲ್ಲಿ ‘ಡ್ರೈ ಜನವರಿ’ ಇರುತ್ತದೆ, 2013ರಲ್ಲಿ ಶುರುವಾದ ಅಭಿಯಾನ, ಇಡೀ ತಿಂಗಳು ಮದ್ಯ ಮುಟ್ಟದಿರುವುದು. ಮೊದಲ ವರ್ಷ ಸಹೋದ್ಯೋಗಿಯೊಬ್ಬರು ಅದರ ಬಗ್ಗೆ ಹೇಳಿದಾಗ ಹವಾಮಾನ ಮುನ್ಸೂಚನೆ ಎಂದೇ ತಿಳಿದು ಸಂತೋಷಪಟ್ಟೆ.

ತಿಪಟೂರು ತೋಟ

ಅಕ್ಕ, ನೀವು ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ಮಳೆ ಕಡಿಮೆಯ ನಾಡಿನಲ್ಲಿ ಒಣಗುವುದು ಬರೀ ನಷ್ಟವೆಂದು ಯಾರು ಹೇಳಿದರು? ನಮ್ಮೂರಿನ ಬದುಕು ನಿಂತಿರುವುದೇ ಒಣಗುವುದರ ಮೇಲೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ನೀರಿನ ಸದ್ದು ನಿಂತು ಕೊಬ್ಬರಿಯ ಸದ್ದು ಬರಬೇಕು. ಆ ಸದ್ದಿಗೆ ಬೆಲೆ. ಬ್ಯಾಡಗಿಯವರಿಗೆ ಮೆಣಸಿನಕಾಯಿ, ಕರಾವಳಿಯವರಿಗೆ ಒಣಮೀನು. ಪದಾರ್ಥಕ್ಕೆ ‘ಒಣ’ ಸೇರಿದರೆ ನಮ್ಮಲ್ಲೂ ಗೌರವವಿದೆ. ಮಾತಿಗೆ ಸೇರಿದಾಗ ಮಾತ್ರ ಬೈಗುಳ.

ಇನ್ನು ಹಸುವಿನ ವಿಷಯ. ಪಶುಪಾಲನೆಯ ಒಂದು ಕರಪತ್ರದಲ್ಲಿ ‘ಡ್ರೈ ಹಸು’ ಎಂಬುದನ್ನು ‘ಗೊಡ್ಡು ಹಸು’ ಎಂದು ಅಚ್ಚು ಹಾಕಿದ್ದರು. ಓದಿ ನನಗೆ ಸಿಟ್ಟೇ ಬಂತು. ಗೊಡ್ಡು ಎಂದರೆ ಗಬ್ಬ ನಿಲ್ಲದ ಹಸು. ಅವರು ಹೇಳಹೊರಟದ್ದು ತುಂಬು ಗಬ್ಬದ ಹಸುವಿನ ಬಗ್ಗೆ! ಕರು ಹಾಕುವ ಸುಮಾರು ಅರವತ್ತು ದಿನ ಮೊದಲು ಕರೆಯುವುದನ್ನು ನಿಲ್ಲಿಸಿ ಹಾಲು ಬತ್ತಿಸಬೇಕು, ಆಗ ಕೆಚ್ಚಲಿಗೆ ವಿಶ್ರಾಂತಿ, ಕರುವಿಗೂ ಒಳ್ಳೆಯದು. ಅದು ‘ಹಾಲು ಬತ್ತಿದ ಹಸು’. ಒಂದು ಪದ ತಪ್ಪಿದ್ದಕ್ಕೆ ಯಾರಾದರೂ ಗಬ್ಬದ ಹಸುವನ್ನು ಗೊಡ್ಡೆಂದು ತಿಳಿದು ಮಾರಿಬಿಟ್ಟರೆ?

ನೋಡಿ, ನಮ್ಮಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದವಿದೆ. ಬಟ್ಟೆ ಒಣಗುತ್ತದೆ, ಕೆರೆ ಬತ್ತುತ್ತದೆ, ನೀರು ಇಂಗುತ್ತದೆ, ಹೂ ಬಾಡುತ್ತದೆ, ಗಾಯ ಮಾಯುತ್ತದೆ ಅಥವಾ ಆರುತ್ತದೆ. ಬಾಯಿ ಆರಿದರೆ ಬಾಯಾರಿಕೆ. ಒಂದೇ ಪದಕ್ಕೆ ಎಲ್ಲವನ್ನೂ ಕಟ್ಟಿಹಾಕುವ ಅಗತ್ಯ ನಮಗಿಲ್ಲ.

ನಿರುಕ್ತ

ಬಾಯಾರಿಕೆಯ ಮಾತು ಬಂದದ್ದು ಒಳ್ಳೆಯದಾಯಿತು. ಇಂಗ್ಲಿಷಿನಲ್ಲೂ ‘ನಾನು ಡ್ರೈ’ ಎಂದರೆ ಬಾಯಾರಿದೆ ಎಂಬ ಅರ್ಥ ಹಳೆಯ ಬಳಕೆಯಲ್ಲಿದೆ. ಅಲ್ಲಿ ಎರಡು ಭಾಷೆಗಳು ಕೈ ಹಿಡಿದುಕೊಂಡಿವೆ.

ಡೇಲ್ಸ್ ಕನ್ನಡತಿ

ತೋಟದ ಅಣ್ಣ, ಕೊಬ್ಬರಿಯ ವಿಷಯದಲ್ಲಿ ನಿಮ್ಮ ಮಾತೇ ಸರಿ, ನನ್ನ ಆಕಾಶದ ವಾದ ಅರ್ಧಕ್ಕೆ ನಿಂತಿತು. ಇಲ್ಲೂ ಬೇಸರದ ಉಪನ್ಯಾಸವನ್ನು ಡ್ರೈ ಎಂದು ಬೈಯುತ್ತಾರೆ, ಅದನ್ನು ನಾನು ಮರೆತಿದ್ದೆ.

ಹಳೆಯ ಕರಡು

ಈ ಪದ ರಾಜಕೀಯಕ್ಕೂ ಹೋಗಿದೆ. ಅಮೆರಿಕದಲ್ಲಿ 1920ರಿಂದ 1933ರ ಡಿಸೆಂಬರ್ 5ರವರೆಗೆ ದೇಶಕ್ಕೆಲ್ಲ ಮದ್ಯ ನಿಷೇಧವಿತ್ತು. ಅದರ ಪರವಾಗಿದ್ದವರನ್ನು ‘ಡ್ರೈ’ಗಳು, ವಿರೋಧಿಸಿದವರನ್ನು ‘ವೆಟ್’ಗಳು ಎಂದು ಕರೆದರು. ಅರ್ಧ ಶತಮಾನದ ಮೇಲೆ ಬ್ರಿಟನ್ನಿನಲ್ಲಿ, ಪ್ರಧಾನಿ ಥ್ಯಾಚರ್ ಕಾಲದಲ್ಲಿ, ಇದೇ ಜೋಡಿ ಪದ ಮತ್ತೆ ಬಂತು, ಅರ್ಥ ಪೂರ್ತಿ ಬೇರೆ. ಸರ್ಕಾರದ ಖರ್ಚು ಕಡಿತವನ್ನು ಗಟ್ಟಿಯಾಗಿ ಬೆಂಬಲಿಸಿದವರು ‘ಡ್ರೈ’, ಅನುಮಾನಿಸಿದ ಮೃದು ಮನಸ್ಸಿನ ಮಂತ್ರಿಗಳು ‘ವೆಟ್’. ಬ್ರಿಟಿಷ್ ಶಾಲಾ ಹುಡುಗರ ಭಾಷೆಯಲ್ಲಿ ಒದ್ದೆ ಎಂದರೆ ಪುಕ್ಕಲ. 1981ರ ಸೆಪ್ಟೆಂಬರಿನಲ್ಲಿ ಇಯಾನ್ ಗಿಲ್ಮರ್ ಅಂಥ ‘ವೆಟ್’ ಮಂತ್ರಿಗಳು ಸಂಪುಟದಿಂದ ಹೊರಬಿದ್ದರು. ಒಂದೇ ಜೋಡಿ ಪದ ಒಂದು ದೇಶದಲ್ಲಿ ಹೆಂಡದ ಲೆಕ್ಕ, ಇನ್ನೊಂದರಲ್ಲಿ ಬೊಕ್ಕಸದ ಲೆಕ್ಕ. ಇಸವಿ ಮತ್ತು ದೇಶ ನೋಡದೆ ಇದನ್ನು ಅನುವಾದಿಸಲು ಹೋಗಬಾರದು.

ಹಾವೇರಿ ಮೇಷ್ಟ್ರು

ನುಡಿಗಟ್ಟುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ‘ಹೈ ಅಂಡ್ ಡ್ರೈ’. ಸಮುದ್ರದ ಉಬ್ಬರ ಇಳಿದಾಗ ಹಡಗು ಮರಳ ಮೇಲೆ ಎತ್ತರದಲ್ಲಿ ಉಳಿದುಬಿಡುತ್ತದೆ, ಕೆಳಗೆ ನೀರಿಲ್ಲ, ಅಲುಗಲಾರದು. ಕಷ್ಟದಲ್ಲಿ ಬಿಟ್ಟುಹೋದರು ಎನ್ನಲು ಇಂಗ್ಲಿಷರು ಆ ಚಿತ್ರ ಬಳಸುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನು ಹೇಳುತ್ತೇವೆ? ‘ನಡುನೀರಿನಲ್ಲಿ ಕೈಬಿಟ್ಟರು.’ ಪೂರ್ತಿ ಎದುರು! ಅವರನ್ನು ಒಣನೆಲದಲ್ಲಿ ಬಿಟ್ಟರೆ ಅನಾಥರು, ನಮ್ಮನ್ನು ನೀರಿನಲ್ಲಿ ಬಿಟ್ಟರೆ ಅನಾಥರು. ಅವರದು ಹಡಗಿನವನ ಭಯ, ನಮ್ಮದು ಹೊಳೆ ದಾಟುವವನ ಭಯ. ಅರ್ಥ ಮಾತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಇದನ್ನು ತರಗತಿಯಲ್ಲಿ ಹೇಳಿದ ದಿನ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು.

‘ಬ್ಲೀಡ್ ಡ್ರೈ’ ಎಂಬುದಕ್ಕೆ ನಮ್ಮ ‘ಹಿಂಡಿ ಹಿಪ್ಪೆ ಮಾಡು’ ಇದೆ, ಇನ್ನೂ ಚೆನ್ನಾಗಿದೆ. ಆಟಗಾರನ ‘ಡ್ರೈ ಸ್ಪೆಲ್’ ನಮ್ಮ ಪತ್ರಿಕೆಗಳ ‘ಬರ’: ಪದಕದ ಬರ ನೀಗಿತು ಎನ್ನುತ್ತೇವೆ. ನಾಟಕ ಮುಗಿದಾಗ ಒಂದೂ ‘ಡ್ರೈ ಐ’ ಇರಲಿಲ್ಲ ಎಂದರೆ ಕಣ್ಣೀರು ಒರೆಸಿಕೊಳ್ಳದವರೇ ಇರಲಿಲ್ಲ ಎಂದು. ‘ಡ್ರೈ ರನ್’ ಎಂಬುದು ಪೂರ್ವತಾಲೀಮು. ರಂಗಭೂಮಿಯಲ್ಲಿ ನಟ ‘ಡ್ರೈ’ ಆದ ಎಂದರೆ ವೇದಿಕೆಯ ಮೇಲೆ ಮಾತು ಮರೆತು ನಿಂತ.

ಅನುವಾದದ ಮೇಜು

ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ! ‘ನಡುನೀರು’ ಓದಿದ ಮೇಲೆ ನನ್ನ ಗಂಟು ಸಡಿಲವಾಯಿತು. ಅರ್ಥ ಉಳಿಯಬೇಕಾದರೆ ಚಿತ್ರ ತಿರುಗಿದರೂ ಪರವಾಗಿಲ್ಲ ಎಂದಾದರೆ, ಆ ಗಂಡನ ಮಾತಿಗೆ ನಾನು ಒಣ ಪದವನ್ನೇ ಏಕೆ ಹುಡುಕಬೇಕು? ನಮ್ಮಲ್ಲಿ ಮುಖಭಾವ ಬದಲಿಸದೆ ಚುರುಕು ಮಾತಾಡುವವರನ್ನು ಏನೆನ್ನುತ್ತೇವೆ ಎಂದು ನಿನ್ನೆ ಸಂಜೆ ಅಮ್ಮನನ್ನು ಕೇಳಿದೆ. ಅಮ್ಮ ಯೋಚಿಸಲೂ ಇಲ್ಲ. “ನಿಮ್ಮ ತಾತನ ಹಾಗೆ, ತಣ್ಣಗೆ ಅಂದುಬಿಡುವವರು” ಎಂದರು.

ತಣ್ಣಗೆ! ಇಂಗ್ಲಿಷರು ತೇವದಿಂದ ಅಳೆದದ್ದನ್ನು ನಾವು ಬಿಸಿಯಿಂದ ಅಳೆದಿದ್ದೇವೆ. ಹೀಗೆ ಬರೆದೆ:

“ಅವನು ಬಕೆಟ್ಟುಗಳನ್ನು ಒಂದೊಂದಾಗಿ ನೋಡಿದ. ‘ನೀರಿಗಂತೂ ಬರವಿಲ್ಲ’ ಎಂದ, ತಣ್ಣಗೆ.”

ಹಳೆಯ ಕರಡು

‘ತಣ್ಣಗೆ’ ಕೊನೆಗೆ ಬಂದದ್ದು ಬಹಳ ಚೆನ್ನಾಗಿದೆ, ಮೇಡಂ. ಅಲ್ಪವಿರಾಮ ತೆಗೆಯಬೇಡಿ. ಅಲ್ಲಿ ಒಂದು ಕ್ಷಣ ನಿಂತರೇ ಅವನ ಮುಖ ಕಾಣುವುದು.

ತಿಪಟೂರು ತೋಟ

‘ಬರ’ ಎಂಬ ಪದ ಅವನ ಬಾಯಲ್ಲಿ ಇಟ್ಟಿರಲ್ಲ, ಅದಕ್ಕೆ ನಮ್ಮ ಕಡೆಯವರು ಖಂಡಿತ ನಗುತ್ತಾರೆ. ಮಾಡು ಸೋರುವ ಮನೆಯಲ್ಲಿ ಬೆಳೆದವನು ನಾನು. ಅಪ್ಪನೂ ಹೀಗೇ ಏನೋ ಒಂದು ಅಂದು, ಹೊರಗೆ ಹೋಗಿ ಹೆಂಚು ಸರಿಸುತ್ತಿದ್ದರು. ಕಥೆಯ ಗಂಡ ಆಮೇಲೆ ಏಣಿ ಹತ್ತುತ್ತಾನೆಯೇ?

ಅನುವಾದದ ಮೇಜು

ಹತ್ತುತ್ತಾನೆ ಸರ್. ಮುಂದಿನ ಪುಟದಲ್ಲಿ.